ಫೋಟೋ ಎಡಿಟಿಂಗ್ ತಂತ್ರಾಂಶಗಳು ಮತ್ತು ಕಂಪ್ಯೂಟರ್ ವೇದಿಕೆಗಳು: ಶಿವಮೊಗ್ಗ, ಭದ್ರಾವತಿ

ಕ್ಯಾಮೆರಾ, ಸ್ಕ್ಯಾನರ್ ಅಥವಾ ಮೊಬೈಲ್‌ನಿಂದ ಬಂದ ಚಿತ್ರದ ಬೆಳಕು, ಬಣ್ಣ, ಅಳತೆಗಳನ್ನು ತಿದ್ದಿ, ಬೇಡವಾದದ್ದನ್ನು ಅಳಿಸಿ, ಬೇಕಾದಲ್ಲಿ ಅಕ್ಷರ ಸೇರಿಸಿ ಮುದ್ರಣಕ್ಕೋ ಪರದೆಗೋ ಸಿದ್ಧಮಾಡಿಕೊಡುವುದು ಫೋಟೋ ಎಡಿಟಿಂಗ್ ತಂತ್ರಾಂಶಗಳ ಕೆಲಸ. ಇಂಥ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಯಾವುದರ ಮೇಲೆ ನಡೆಯುತ್ತದೆ, ಒಂದರಲ್ಲಿ ಮಾಡಿದ ಕಡತ ಇನ್ನೊಂದರಲ್ಲಿ ಹಾಗೆಯೇ ತೆರೆಯುತ್ತದೆಯೇ ಎಂಬುದನ್ನು ವೇದಿಕೆ ಬೆಂಬಲ ಎನ್ನುತ್ತಾರೆ. ಶಿವಮೊಗ್ಗ ನಗರದಲ್ಲೂ ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲೂ ಸ್ಟುಡಿಯೊ, ಡಿಟಿಪಿ ಕೇಂದ್ರ, ಫ್ಲೆಕ್ಸ್ ಅಂಗಡಿಗಳು ಹೆಚ್ಚಾಗಿ ವಿಂಡೋಸ್ ಮೇಲೆಯೇ ನೆಲೆಗೊಂಡವು. ಕರ್ನಾಟಕದ ಇತರ ಜಿಲ್ಲಾ ಕೇಂದ್ರಗಳ ಕಥೆಯೂ ಇದೇ. ಯಂತ್ರದ ಬೆಲೆ ಇದಕ್ಕೆ ಒಂದು ಕಾರಣ. ಅಷ್ಟೇ ದೊಡ್ಡ ಇನ್ನೊಂದು ಕಾರಣ ಚಿತ್ರದ ಮೇಲೆ ಕೂರಬೇಕಾದ ಕನ್ನಡ ಅಕ್ಷರ. ಅಕ್ಷರ ಮೂಡಿಸುವ ಉಪಕರಣ ಯಾವ ವೇದಿಕೆಯಲ್ಲಿತ್ತೋ ಚಿತ್ರ ತಿದ್ದುವ ಕೆಲಸವೂ ಅಲ್ಲೇ ನಿಂತಿತು.

ತಂತ್ರಾಂಶಗಳ ಹುಟ್ಟು ಮತ್ತು ವಲಸೆ

ಇಂದು ವಿಂಡೋಸ್ ಅಂಗಡಿಗಳ ಮನೆಮಾತಾಗಿರುವ ಫೋಟೋಶಾಪ್ ಹುಟ್ಟಿದ್ದು ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಮೇಲೆ. ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು 1987ರಲ್ಲಿ ಆರಂಭಿಸಿದ ಕೆಲಸವನ್ನು ಅಡೋಬಿ ಸಂಸ್ಥೆ 1990ರ ಫೆಬ್ರವರಿಯಲ್ಲಿ 1.0 ಆವೃತ್ತಿಯಾಗಿ ಹೊರತಂದಿತು. ಆಗ ಅದು ಮ್ಯಾಕ್‌ಗೆ ಮಾತ್ರ. 1992-93ರ 2.5ನೇ ಆವೃತ್ತಿಯಲ್ಲಿ ಮೊದಲ ಬಾರಿಗೆ ವಿಂಡೋಸ್‌ಗೆ ಬಂತು. ಪದರ ಪದರವಾಗಿ ಚಿತ್ರ ಕಟ್ಟುವ ಲೇಯರ್ ಸೌಲಭ್ಯ 1994ರ 3.0 ಆವೃತ್ತಿಯದು. ಸಿಲಿಕಾನ್ ಗ್ರಾಫಿಕ್ಸ್ ಮತ್ತು ಸನ್ ಕಂಪನಿಗಳ ಯೂನಿಕ್ಸ್ ಯಂತ್ರಗಳಿಗೂ ಫೋಟೋಶಾಪ್ ಕೆಲಕಾಲ ಸಿಗುತ್ತಿತ್ತು, ಆದರೆ ಆ ಕವಲು ಬೇಗ ಮುಗಿಯಿತು. ಲಿನಕ್ಸ್‌ಗೆ ಮಾತ್ರ ಅಡೋಬಿ ಫೋಟೋಶಾಪನ್ನು ಎಂದೂ ಕೊಡಲಿಲ್ಲ.

ಲಿನಕ್ಸ್ ಕಡೆಯಲ್ಲಿ ಆ ಜಾಗ ತುಂಬಿದ್ದು ಗಿಂಪ್. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಇದನ್ನು ಶುರುಮಾಡಿದರು. 1998ರಲ್ಲಿ 1.0, 2004ರಲ್ಲಿ 2.0, 2018ರಲ್ಲಿ 2.10, 2025ರ ಮಾರ್ಚ್‌ನಲ್ಲಿ 3.0 ಆವೃತ್ತಿಗಳು ಬಂದವು. ಮುಕ್ತ ತಂತ್ರಾಂಶವಾದ್ದರಿಂದ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲೂ ಉಚಿತವಾಗಿ ನಡೆಯುತ್ತದೆ. ಆದರೆ ಮ್ಯಾಕ್‌ನಲ್ಲಿ 2012ರವರೆಗೂ ಎಕ್ಸ್11 ಎಂಬ ನಡುವಣ ಪದರ ಹಾಕಿಕೊಂಡೇ ಅದನ್ನು ಓಡಿಸಬೇಕಿತ್ತು.

ಒಂದೇ ವೇದಿಕೆಗೆ ಅಂಟಿಕೊಂಡ ತಂತ್ರಾಂಶಗಳೂ ಇದ್ದವು. ಆಪಲ್ 2005ರಲ್ಲಿ ತಂದ ಅಪರ್ಚರ್ ಮ್ಯಾಕ್ ಬಿಟ್ಟು ಹೊರಬರಲಿಲ್ಲ, 2014ರಲ್ಲಿ ಅದನ್ನು ಕೈಬಿಡುವುದಾಗಿ ಕಂಪನಿ ಹೇಳಿತು. ಅದಕ್ಕೆ ಎದುರಾಳಿಯಾದ ಅಡೋಬಿಯ ಲೈಟ್‌ರೂಂ 2006ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಮ್ಯಾಕ್‌ಗೆ ಬಂದು, ಅದೇ ವರ್ಷ ವಿಂಡೋಸ್‌ಗೂ ಬಂತು. ಗೂಗಲ್ 2004ರಲ್ಲಿ ಕೊಂಡ ಪಿಕಾಸಾ ಮೊದಲಿಗೆ ವಿಂಡೋಸ್‌ನದು. 2006ರಲ್ಲಿ ವೈನ್ ಎಂಬ ಹೊಂದಾಣಿಕೆ ಪದರದ ಮೂಲಕ ಲಿನಕ್ಸ್‌ಗೂ 2009ರಲ್ಲಿ ಮ್ಯಾಕ್‌ಗೂ ಕಾಲಿಟ್ಟು, 2016ರಲ್ಲಿ ನಿಂತುಹೋಯಿತು. ಬ್ರಿಟನ್ನಿನ ಸೆರಿಫ್ ಸಂಸ್ಥೆಯ ಅಫಿನಿಟಿ ಫೋಟೋ 2015ರಲ್ಲಿ ಮ್ಯಾಕ್‌ಗೆ, 2016ರ ಕೊನೆಗೆ ವಿಂಡೋಸ್‌ಗೆ, 2017ರಲ್ಲಿ ಐಪ್ಯಾಡ್‌ಗೆ ಬಂತು.

ಸಣ್ಣ ಊರುಗಳ ಮುದ್ರಣ ಜಗತ್ತಿನಲ್ಲಿ ಫೋಟೋಶಾಪ್‌ನಷ್ಟೇ ತೂಕವಿರುವ ಕೋರೆಲ್‌ಡ್ರಾ 1989ರಲ್ಲಿ ವಿಂಡೋಸ್‌ಗೆಂದೇ ಹುಟ್ಟಿದ್ದು. ಅದು ರೇಖಾಚಿತ್ರದ ತಂತ್ರಾಂಶ. ಅದರ ಜೊತೆ ಬರುವ ಫೋಟೋ-ಪೇಂಟ್ ಚಿತ್ರ ತಿದ್ದಲು. ಎರಡಕ್ಕೂ 2000ದಲ್ಲಿ ಲಿನಕ್ಸ್ ಆವೃತ್ತಿ ಬಂದು ಮುಂದುವರಿಯಲಿಲ್ಲ. ಮ್ಯಾಕ್ ಆವೃತ್ತಿ 11ರ ನಂತರ ನಿಂತು, 2019ರಲ್ಲಿ ಮರಳಿತು. ನಡುವಿನ ಅಷ್ಟೂ ವರ್ಷ ಕೋರೆಲ್ ಬೇಕಾದವರಿಗೆ ವಿಂಡೋಸ್ ಬಿಟ್ಟರೆ ದಾರಿಯಿರಲಿಲ್ಲ.

ಎರಡು ಊರುಗಳ ಕೆಲಸದ ಸ್ವರೂಪ

ಶಿವಮೊಗ್ಗ ಜಿಲ್ಲಾ ಕೇಂದ್ರ. ಮದುವೆ ಛತ್ರ, ಕಾಲೇಜು, ಸರ್ಕಾರಿ ಕಚೇರಿ, ಸ್ಥಳೀಯ ದಿನಪತ್ರಿಕೆ, ರಾಜಕೀಯ ಸಭೆ ಎಲ್ಲಕ್ಕೂ ಇಲ್ಲಿ ಚಿತ್ರ ಬೇಕು. ಭದ್ರಾವತಿ ಕಾರ್ಖಾನೆಗಳ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯಾಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಪತ್ರಿಕಾ ಮುದ್ರಣದ ಕಾಗದವನ್ನೂ ತಯಾರಿಸುತ್ತಿತ್ತು, 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯವಿದೆ.

ಈ ಊರುಗಳಲ್ಲಿ ಫೋಟೋ ಎಡಿಟಿಂಗ್ ಎಂದರೆ ಮುಖ್ಯವಾಗಿ ನಾಲ್ಕು ಬಗೆಯ ಕೆಲಸ.

ಮೊದಲನೆಯದು ಪಾಸ್‌ಪೋರ್ಟ್ ಫೋಟೋ. ಗಿರಾಕಿ ಕಾದು ನಿಂತಿರುವಾಗಲೇ ಇದು ಮುಗಿಯಬೇಕು. ತಲೆ-ಭುಜ ಕತ್ತರಿಸಿ, ಹಿನ್ನೆಲೆ ಬಿಳಿ ಅಥವಾ ನೀಲಿ ಮಾಡಿ, ಮುಖದ ಕಲೆ ತೆಗೆದು, 35×45 ಮಿ.ಮೀ. ಅಳತೆಗೆ ತಂದರೆ 4×6 ಇಂಚಿನ ಕಾಗದದಲ್ಲಿ ಎಂಟು ಪ್ರತಿ ಕೂರುತ್ತವೆ. ಪ್ರತಿ ಗಿರಾಕಿಗೂ ಇದೇ ಸರಣಿ ಮಾಡಬೇಕಾದ್ದರಿಂದ ಫೋಟೋಶಾಪ್‌ನ ಆಕ್ಷನ್ ಸೌಲಭ್ಯದಲ್ಲಿ ಹೆಜ್ಜೆಗಳನ್ನು ಒಮ್ಮೆ ದಾಖಲಿಸಿಟ್ಟು ಒಂದು ಕೀಲಿ ಒತ್ತಿ ಓಡಿಸುತ್ತಾರೆ. ಚರ್ಮದ ಕಲೆ ಅಳಿಸುವ ಹೀಲಿಂಗ್ ಬ್ರಷ್ 2002ರ 7.0 ಆವೃತ್ತಿಯಲ್ಲಿ ಬಂತು. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮಾಡುತ್ತಿದ್ದ ಟಚಪ್ ಕೆಲಸಕ್ಕೆ ಅಲ್ಲಿಂದ ಮುಂದೆ ಮೌಸ್ ಸಾಕಾಯಿತು. ಸಣ್ಣ ಸ್ಟುಡಿಯೊಗಳು 7.0ನ್ನು ವರ್ಷಗಟ್ಟಲೆ ಬಿಡದಿರಲು ಇದೊಂದು ಕಾರಣ. ಅರ್ಜಿಗಳು ಆನ್‌ಲೈನ್ ಆದ ಮೇಲೆ ಚಿತ್ರವನ್ನೂ ಸಹಿಯನ್ನೂ ಇಷ್ಟೇ ಕೆಬಿಯೊಳಗೆ ಜೆಪೆಗ್ ಮಾಡಿಕೊಡುವ ಕೆಲಸ ಇದಕ್ಕೆ ಸೇರಿತು.

ಎರಡನೆಯದು ಮದುವೆ ಆಲ್ಬಂ. ಕರಿಷ್ಮಾ ಎಂದು ಕರೆಯುವ ಆಲ್ಬಂನ ಜೋಡಿಪುಟ ಸಾಮಾನ್ಯವಾಗಿ 12×36 ಇಂಚು. ಮೊದಲೇ ವಿನ್ಯಾಸ ಮಾಡಿಟ್ಟ ಪಿಎಸ್‌ಡಿ (ಫೋಟೋಶಾಪ್‌ನ ಸ್ವಂತ ಕಡತ) ಹಾಳೆಗಳಲ್ಲಿ ವಧೂವರರ ಚಿತ್ರ ಕೂರಿಸಿ ಲ್ಯಾಬ್‌ಗೆ ಕಳಿಸುತ್ತಾರೆ. ಈ ಪಿಎಸ್‌ಡಿ ಸಂಗ್ರಹಗಳು ಮೊದಲು ಡಿವಿಡಿಗಳಲ್ಲಿ, ಆಮೇಲೆ ಪೆನ್‌ಡ್ರೈವ್‌ಗಳಲ್ಲಿ ಕೈಯಿಂದ ಕೈಗೆ ಓಡಾಡಿದವು.

ಮೂರನೆಯದು ಫ್ಲೆಕ್ಸ್. ಹುಟ್ಟುಹಬ್ಬದ ಶುಭಾಶಯ, ಗಣಪತಿ ಹಬ್ಬ, ಜಾತ್ರೆ, ಶ್ರದ್ಧಾಂಜಲಿ, ಚುನಾವಣೆ ಯಾವುದಕ್ಕೇ ಆದರೂ ಮುಖಗಳನ್ನು ಕತ್ತರಿಸಿ ಸಾಲಾಗಿ ಜೋಡಿಸಿ ಹೆಸರು ಬರೆಯಬೇಕು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. ಬಟ್ಟೆ ಬ್ಯಾನರ್‌ಗಾದರೂ ವಿನ್ಯಾಸದ ಕೆಲಸ ಅದೇ.

ನಾಲ್ಕನೆಯದು ಡಿಟಿಪಿ. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ, ಸ್ಥಳೀಯ ಪತ್ರಿಕೆಯ ಪುಟ ಇದರಲ್ಲಿ ಬರುತ್ತವೆ. ಪುಟ ಕಟ್ಟಲು ಪೇಜ್‌ಮೇಕರ್, ಚಿತ್ರಕ್ಕೆ ಫೋಟೋಶಾಪ್, ಶೀರ್ಷಿಕೆಗೆ ಕೋರೆಲ್, ಕನ್ನಡ ಬೆರಳಚ್ಚಿಗೆ ನುಡಿ ಅಥವಾ ಶ್ರೀಲಿಪಿ ಎಂಬುದು ರಾಜ್ಯದ ಡಿಟಿಪಿ ಕೇಂದ್ರಗಳ ಸಾಮಾನ್ಯ ಜೋಡಣೆ. ಪೇಜ್‌ಮೇಕರ್ ಸಹ 1985ರಲ್ಲಿ ಮ್ಯಾಕ್‌ನಲ್ಲಿ ಹುಟ್ಟಿ ವಿಂಡೋಸ್‌ಗೆ ಬಂದದ್ದೇ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ.

ಪಾಸ್‌ಪೋರ್ಟ್ ಫೋಟೋವನ್ನು ಬಿಟ್ಟರೆ ಉಳಿದ ಮೂರಕ್ಕೂ ಅಕ್ಷರ ಬೇಕು. ಅದೂ ಕನ್ನಡದ್ದು.

ಕನ್ನಡ ಅಕ್ಷರ ಮತ್ತು ವೇದಿಕೆ

ರೋಮನ್ ಲಿಪಿಯಲ್ಲಿ ಒಂದು ಕೀಲಿಗೆ ಒಂದು ಅಕ್ಷರ, ಒಂದರ ಪಕ್ಕ ಒಂದು. ಕನ್ನಡದಲ್ಲಿ ವ್ಯಂಜನಕ್ಕೆ ಗುಣಿತ ಅಂಟಿದಾಗ ಆಕಾರವೇ ಬದಲಾಗುತ್ತದೆ, ಒತ್ತು ಕೆಳಗಿಳಿಯುತ್ತದೆ. ‘ಶಿವಮೊಗ್ಗ’ ಎಂದು ಬರೆಯುವಾಗ ಎರಡನೆಯ ಗಕಾರ ಮೊದಲನೆಯದರ ಕೆಳಗೆ ಹೋಗಬೇಕು. ‘ಭದ್ರಾವತಿ’ಯಲ್ಲಿ ದಕಾರಕ್ಕೆ ರಕಾರದ ಒತ್ತು ಬರಬೇಕು. ‘ತೀರ್ಥಹಳ್ಳಿ’ಯಲ್ಲಿ ಮೊದಲು ಉಚ್ಚಾರವಾಗುವ ರಕಾರ ಅರ್ಕಾವೊತ್ತಾಗಿ ಥಕಾರದ ಬಲಕ್ಕೆ ಸರಿಯಬೇಕು. ಈ ಜೋಡಣೆಯನ್ನು ಯಾರಾದರೂ ಮಾಡಬೇಕು. ಫಾಂಟು, ಕಾರ್ಯಾಚರಣ ವ್ಯವಸ್ಥೆ, ಚಿತ್ರ ತಿದ್ದುವ ತಂತ್ರಾಂಶ ಈ ಮೂರರಲ್ಲಿ ಯಾವುದು ಮಾಡುತ್ತದೆ ಎಂಬುದರ ಮೇಲೆ ವೇದಿಕೆಯ ಆಯ್ಕೆ ನಿಂತಿತ್ತು.

1990ರ ದಶಕದಲ್ಲಿ ಕಂಡುಕೊಂಡ ಉಪಾಯವೆಂದರೆ ಅಕ್ಷರಗಳನ್ನು ತುಂಡುಗಳಾಗಿ ಒಡೆದು, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನಗಳಲ್ಲಿ ಫಾಂಟಿನೊಳಗೆ ತುಂಬಿಡುವುದು. ಬಾಯಿಮಾತಿನಲ್ಲಿ ಇವಕ್ಕೆ ಆಸ್ಕಿ ಫಾಂಟು ಎನ್ನುತ್ತಾರೆ. ಕೀಲಿ ಒತ್ತಿದಾಗ ಸರಿಯಾದ ತುಂಡುಗಳನ್ನು ಸರಿಯಾದ ಕ್ರಮದಲ್ಲಿ ಕಳಿಸಲು ಹಿನ್ನೆಲೆಯಲ್ಲಿ ಒಂದು ತಂತ್ರಾಂಶ ಓಡುತ್ತಿರಬೇಕು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನಲ್ಲಿ ರೂಪುಗೊಂಡ ಆಕೃತಿ, ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ರಾಜ್ಯ ಸರ್ಕಾರದ ಬೆಂಬಲ ಪಡೆದ ನುಡಿ ಇವೆಲ್ಲ ಈ ಬಗೆಯವು. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು.

ಈ ಉಪಾಯದ ಅನುಕೂಲ ಏನೆಂದರೆ, ಫೋಟೋಶಾಪ್‌ಗೆ ಕನ್ನಡ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಅದರ ಮಟ್ಟಿಗೆ ಅದು ರೋಮನ್ ಅಕ್ಷರಗಳ ಸಾಲು. ಫಾಂಟು ಬದಲಿಸಿದರೆ ಪರದೆಯ ಮೇಲೆ ಕನ್ನಡ. ಆದ್ದರಿಂದ ತೀರ ಹಳೆಯ ಆವೃತ್ತಿಗಳಲ್ಲೂ ಒತ್ತಕ್ಷರ ತಪ್ಪಿಲ್ಲದೆ ಮೂಡುತ್ತಿತ್ತು. ತೊಡಕು ವೇದಿಕೆಯಲ್ಲಿತ್ತು. ನುಡಿ, ಬರಹಗಳೆರಡೂ ವಿಂಡೋಸ್‌ಗೆ ಬರೆದ ತಂತ್ರಾಂಶಗಳು. ಮ್ಯಾಕ್‌ನಲ್ಲಿ ಫಾಂಟಿನ ಕಡತವನ್ನು ಹಾಕಿಕೊಳ್ಳಬಹುದಾದರೂ ಕೀಲಿಗಳನ್ನು ಹಿಡಿದು ಅಕ್ಷರದ ತುಂಡು ಜೋಡಿಸುವ ನುಡಿ ಅಲ್ಲಿರಲಿಲ್ಲ. ಮ್ಯಾಕ್ ಇಟ್ಟುಕೊಂಡವರು ಕನ್ನಡದ ಸಾಲುಗಳನ್ನು ಪಕ್ಕದ ವಿಂಡೋಸ್ ಯಂತ್ರದಲ್ಲಿ ಬೆರಳಚ್ಚಿಸಿ, ಕೋರೆಲ್‌ನಲ್ಲಿ ಆಕಾರವಾಗಿ ಬದಲಿಸಿ, ಚಿತ್ರದಂತೆ ಆಮದು ಮಾಡಿಕೊಳ್ಳಬೇಕಿತ್ತು.

ನುಡಿ ಫಾಂಟಿಲ್ಲದ ಯಂತ್ರದಲ್ಲಿ ಅಂಥ ಪಿಎಸ್‌ಡಿ ತೆರೆದು ಅಕ್ಷರದ ಪದರವನ್ನು ಮುಟ್ಟಿದರೆ ‘ಕನ್ನಡ’ ಎಂಬ ಪದ ಪೌಂಡ್ ಹಣದ ಚಿಹ್ನೆ ಮತ್ತು ತಲೆಯ ಮೇಲೆ ಓರೆಗೆರೆಯಿರುವ ರೋಮನ್ ಅಕ್ಷರಗಳ ಸರಣಿಯಾಗಿ ಕಾಣುತ್ತದೆ. ಮುದ್ರಣದವರು ಇಂದಿಗೂ ‘ಕರ್ವ್ ಮಾಡಿ ಕಳಿಸಿ’ ಎನ್ನುವುದು ಇದಕ್ಕಾಗಿ. ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ ಕೀಲಿ ಒತ್ತಿದರೆ ಅಕ್ಷರ ಬರೀ ರೇಖೆಯಾಗುತ್ತದೆ. ಆಮೇಲೆ ಅದು ಯಾವ ವೇದಿಕೆಯಲ್ಲೂ ಕೆಡುವುದಿಲ್ಲ. ಅದರಲ್ಲಿ ಕಾಗುಣಿತ ತಿದ್ದಲೂ ಆಗುವುದಿಲ್ಲ.

ಯೂನಿಕೋಡ್ ಬಂದ ಮೇಲೆ

ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ತನ್ನದೇ ಸಂಕೇತಗಳನ್ನು ಕೊಟ್ಟಿತ್ತು. ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್ 2001ರ ಎಕ್ಸ್‌ಪಿಯೊಂದಿಗೆ, ತುಂಗಾ ಎಂಬ ಫಾಂಟಿನ ಜೊತೆ ಬಂತು. ಶಿವಮೊಗ್ಗದ ನದಿಯ ಹೆಸರಿನ ಈ ಫಾಂಟು ಸರಿಯಾಗಿ ಕಾಣಬೇಕಿದ್ದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಮ್ಯಾಕ್‌ನಲ್ಲಿ ಕನ್ನಡ ಫಾಂಟುಗಳು 2011ರ ಲಯನ್ ಆವೃತ್ತಿಯಲ್ಲಿ ಸೇರಿದವು. ಲಿನಕ್ಸ್‌ನಲ್ಲಿ ಲೋಹಿತ್, ಕೇದಗೆ, ಮಲ್ಲಿಗೆ, ಮುಂದೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಲಭ್ಯವಾದವು.

ಆದರೆ ಕಾರ್ಯಾಚರಣ ವ್ಯವಸ್ಥೆಗೆ ಕನ್ನಡ ಬಂದ ಮಾತ್ರಕ್ಕೆ ಚಿತ್ರ ತಿದ್ದುವ ತಂತ್ರಾಂಶಕ್ಕೆ ಬಂದಂತಾಗಲಿಲ್ಲ. ಫೋಟೋಶಾಪ್ ತನ್ನದೇ ಅಕ್ಷರ ಜೋಡಣೆಯ ಯಂತ್ರವನ್ನು ಬಳಸುತ್ತದೆ, ವಿಂಡೋಸ್‌ನದ್ದನ್ನು ಕೇಳುವುದಿಲ್ಲ. ಹೀಗಾಗಿ ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿ ಕಾಣುವ ‘ಶಿವಮೊಗ್ಗ’ ಹಳೆಯ ಫೋಟೋಶಾಪ್‌ಗೆ ಅಂಟಿಸಿದ ಕೂಡಲೇ ಒತ್ತು ಕಳಚಿ ‘ಶಿವಮೊಗ್‌ಗ’ ಆಗುತ್ತಿತ್ತು, ಗುಣಿತಗಳು ವ್ಯಂಜನದಿಂದ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಇದಕ್ಕೆ ಪರಿಹಾರ ಬಂದದ್ದು 2010ರ ದಶಕದಲ್ಲಿ. ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಬೆಂಬಲ ಕೊಟ್ಟಿತು. ಕ್ರಿಯೇಟಿವ್ ಕ್ಲೌಡ್ ಕಾಲದ ಫೋಟೋಶಾಪ್‌ನಲ್ಲಿಯೂ ಪ್ರಿಫರೆನ್ಸ್‌ನ ಅಕ್ಷರ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಆಯ್ಕೆ ಬಂದಿತು. ಅದನ್ನು ಆರಿಸಿ ತಂತ್ರಾಂಶವನ್ನು ಮುಚ್ಚಿ ತೆರೆದ ಮೇಲೆ ಒತ್ತಕ್ಷರ ಸರಿಹೋಗುತ್ತಿತ್ತು. ಈ ಆಯ್ಕೆ ಇರುವುದೇ ಗೊತ್ತಿಲ್ಲದೆ ‘ಫೋಟೋಶಾಪ್‌ನಲ್ಲಿ ಯೂನಿಕೋಡ್ ಬರುವುದಿಲ್ಲ’ ಎಂದುಕೊಂಡು ನುಡಿಯ ಹಳೆ ಫಾಂಟುಗಳಲ್ಲೇ ಮುಂದುವರಿದವರು ಕಡಿಮೆಯಿಲ್ಲ.

ಇದರಲ್ಲಿ ಗಿಂಪ್ ಮುಂದಿತ್ತು. ಅದು ಅಕ್ಷರ ಜೋಡಣೆಗೆ ಬಳಸುವ ಪ್ಯಾಂಗೋ ಎಂಬ ಮುಕ್ತ ಗ್ರಂಥಾಲಯ ಕನ್ನಡವನ್ನು ಬಲ್ಲದು. ಆದ್ದರಿಂದ ಫೋಟೋಶಾಪ್ ತಡವರಿಸುತ್ತಿದ್ದ ಕಾಲದಲ್ಲೂ ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಮೂಡುತ್ತಿತ್ತು. ಅಫಿನಿಟಿ ಫೋಟೋದ ಕಥೆ ತಿರುವುಮುರುವು. ಅದು ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲೂ ಒಂದೇ ರೀತಿ ನಡೆದರೂ ಎರಡನೇ ಆವೃತ್ತಿಯವರೆಗೆ ಭಾರತೀಯ ಲಿಪಿಗಳ ಜೋಡಣೆಯನ್ನು ಕಲಿತಿರಲಿಲ್ಲ. ಮುಖ ತಿದ್ದಲು ಒಪ್ಪುವ ಈ ತಂತ್ರಾಂಶ ಬ್ಯಾನರ್ ಬರೆಯಲು ಒದಗಲಿಲ್ಲ.

ಸರ್ಕಾರದ ಕಡೆಯಿಂದ ಯೂನಿಕೋಡ್‌ಗೆ ದಾರಿ ಮಾಡಿದವರಲ್ಲಿ ಈ ಪ್ರದೇಶದ ನಂಟಿರುವ ಹೆಸರೊಂದಿದೆ. ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಚಿದಾನಂದ ಗೌಡರು ರಾಜ್ಯ ಸರ್ಕಾರದ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿದ್ದರು. 2012ರಲ್ಲಿ ಸರ್ಕಾರ ಯೂನಿಕೋಡನ್ನು ಆಡಳಿತದ ಶಿಷ್ಟತೆಯಾಗಿ ಒಪ್ಪಿತು. ಅದಕ್ಕೂ ಮೊದಲು ಕನ್ನಡ ತಂತ್ರಾಂಶದ ಕೊರತೆಯ ಬಗ್ಗೆ ಗಟ್ಟಿಯಾಗಿ ದನಿ ಎತ್ತಿದವರು ಇದೇ ಜಿಲ್ಲೆಯಲ್ಲಿ ಹುಟ್ಟಿದ ಲೇಖಕ, ಹಕ್ಕಿಗಳ ಛಾಯಾಗ್ರಾಹಕ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938-2007).

ಕಚೇರಿಯ ಪತ್ರಗಳು ಯೂನಿಕೋಡ್‌ಗೆ ಹೋದಷ್ಟು ಬೇಗ ವಿನ್ಯಾಸದ ಕೆಲಸ ಹೋಗಲಿಲ್ಲ. ಬ್ಯಾನರಿಗೆ ದಪ್ಪ, ಬಾಗು, ಅಲಂಕಾರದ ನಾನಾ ಬಗೆಯ ಅಕ್ಷರ ಬೇಕು. ಆಸ್ಕಿ ಕಾಲದ ಸಂಗ್ರಹಗಳಲ್ಲಿ ಅಂಥವು ಹೇರಳವಾಗಿದ್ದರೆ ಯೂನಿಕೋಡ್‌ನಲ್ಲಿ ಬಹುಕಾಲ ಬೆರಳೆಣಿಕೆಯಷ್ಟಿದ್ದವು. ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ, ಅನೇಕ್ ಮುಂತಾದ ಮುಕ್ತ ಫಾಂಟುಗಳು ಗೂಗಲ್ ಫಾಂಟ್ಸ್‌ಗೆ ಸೇರಿದ ಮೇಲೆ ಈ ಅಂತರ ಕಿರಿದಾಗುತ್ತಿದೆ.

ಕಡತದ ಗಾತ್ರ ಮತ್ತು 64 ಬಿಟ್

12×36 ಇಂಚಿನ ಆಲ್ಬಂ ಹಾಳೆಯನ್ನು ಇಂಚಿಗೆ 300 ಬಿಂದುಗಳಂತೆ ಕಟ್ಟಿದರೆ 3,600×10,800, ಅಂದರೆ ಸುಮಾರು 3.9 ಕೋಟಿ ಬಿಂದುಗಳು. ಒಂದು ಬಿಂದುವಿಗೆ ಮೂರು ಬೈಟ್ ಹಿಡಿದರೆ ಒಂದೇ ಪದರಕ್ಕೆ ಸುಮಾರು 117 ಎಂಬಿ ಮೆಮೊರಿ ಬೇಕು. ಹಿನ್ನೆಲೆ, ಚೌಕಟ್ಟು, ಎಂಟು ಹತ್ತು ಚಿತ್ರ ಸೇರಿದಾಗ ಅದು ಎಷ್ಟೋ ಪಟ್ಟು ಏರುತ್ತದೆ. 10×20 ಅಡಿಯ ಬ್ಯಾನರನ್ನು ಇಂಚಿಗೆ 72 ಬಿಂದುಗಳಲ್ಲಿ, ನಾಲ್ಕು ಬಣ್ಣದ ಸಿಎಂವೈಕೆ ಕ್ರಮದಲ್ಲಿ ಮಾಡಿದರೆ ಒಂದು ಪದರವೇ 600 ಎಂಬಿ ಸಮೀಪ. 32 ಬಿಟ್ ವಿಂಡೋಸ್ ಒಂದು ತಂತ್ರಾಂಶಕ್ಕೆ ಸಾಮಾನ್ಯವಾಗಿ ಕೊಡುತ್ತಿದ್ದುದು 2 ಜಿಬಿ. ಅದು ಸಾಲದಾದಾಗ ಫೋಟೋಶಾಪ್ ಹಾರ್ಡ್‌ಡಿಸ್ಕನ್ನೇ ಮೆಮೊರಿಯಂತೆ ಬಳಸಿ ನಿಧಾನವಾಗುತ್ತದೆ, ಕೆಲಸ ಅಲ್ಲೇ ಕಾಯುತ್ತದೆ.

ಈ ವಿಷಯದಲ್ಲಿ ವಿಂಡೋಸ್ ಒಮ್ಮೆ ಮ್ಯಾಕನ್ನು ಹಿಂದೆ ಹಾಕಿತ್ತು. 2008ರ ಸಿಎಸ್4 ಆವೃತ್ತಿ 64 ಬಿಟ್‌ನಲ್ಲಿ ಸಿಕ್ಕಿದ್ದು ವಿಂಡೋಸ್‌ಗೆ ಮಾತ್ರ. ಕಾರ್ಬನ್ ಎಂಬ ಹಳೆಯ ಚೌಕಟ್ಟಿಗೆ 64 ಬಿಟ್ ಬೆಂಬಲ ಕೊಡುವುದಿಲ್ಲವೆಂದು ಆಪಲ್ 2007ರಲ್ಲಿ ನಿರ್ಧರಿಸಿದ್ದರಿಂದ ಅಡೋಬಿ ತನ್ನ ಮ್ಯಾಕ್ ಆವೃತ್ತಿಯನ್ನು ಹೊಸ ಚೌಕಟ್ಟಾದ ಕೋಕೋಗೆ ತಿರುಗಿ ಬರೆಯಬೇಕಾಯಿತು. ಅದು 2010ರ ಸಿಎಸ್5ರಲ್ಲಿ ಮುಗಿಯಿತು. ಮತ್ತೆ 2020ರ ಕೊನೆಗೆ ಆಪಲ್ ಇಂಟೆಲ್ ಬಿಟ್ಟು ತನ್ನದೇ ಎಂ1 ಚಿಪ್ ತಂದಾಗ ಅದಕ್ಕೆಂದೇ ಬರೆದ ಫೋಟೋಶಾಪ್ 2021ರ ಮಾರ್ಚ್‌ನಲ್ಲಿ ಬಂತು.

ಹಳೆಯದನ್ನು ಉಳಿಸಿಕೊಳ್ಳುವುದರಲ್ಲೂ ಎರಡರ ರೀತಿ ಬೇರೆ. ಮ್ಯಾಕ್ 2019ರ ಕ್ಯಾಟಲಿನಾ ಆವೃತ್ತಿಯಲ್ಲಿ 32 ಬಿಟ್ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು. ವಿಂಡೋಸ್ 10ರ ಮೇಲೆ ಇಪ್ಪತ್ತು ವರ್ಷ ಹಿಂದಿನ ಫೋಟೋಶಾಪ್ 7.0 ಓಡಿಸಿಕೊಂಡವರಿದ್ದಾರೆ. ಹೊಸ ಆವೃತ್ತಿಗೆ ದುಡ್ಡು ಹಾಕದೆ ಹಳೆಯದರಲ್ಲೇ ದಿನ ದೂಡುವ ಸಣ್ಣ ಸ್ಟುಡಿಯೊಗೆ ಇದು ದೊಡ್ಡ ಅನುಕೂಲ.

ಕಡತ ವಿನಿಮಯ, ಬಣ್ಣ, ಯಂತ್ರಗಳು

ಚಿತ್ರ ತಿದ್ದುವಲ್ಲಿಗೆ ಕೆಲಸ ಮುಗಿಯುವುದಿಲ್ಲ, ಅದು ಮುದ್ರಣ ಯಂತ್ರಕ್ಕೆ ಹೋಗಬೇಕು. ಲ್ಯಾಬ್‌ಗಳು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಬಣ್ಣದ ಜೆಪೆಗ್ ಕೇಳುತ್ತವೆ. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಆರಿಸಿ ತೆಗೆದ ಚಿತ್ರವನ್ನು ಪರಿವರ್ತಿಸದೆ ಕೊಟ್ಟರೆ ರೇಷ್ಮೆ ಸೀರೆಯ ಕೆಂಪು ಮಂಕಾಗಿ ಬರುತ್ತದೆ. ಪತ್ರಿಕೆಯ ಪುಟಕ್ಕೆ ಸಿಎಂವೈಕೆ ಬೇಕು. ಪತ್ರಿಕಾ ಕಾಗದ ಶಾಯಿಯನ್ನು ಹೀರಿಕೊಂಡು ಚುಕ್ಕಿಗಳು ಅಗಲವಾಗುವುದರಿಂದ ಚಿತ್ರವನ್ನು ಮೊದಲೇ ಸ್ವಲ್ಪ ತಿಳಿಯಾಗಿಸಿ ಕೊಡುವುದು ರೂಢಿ.

ಬ್ಯಾನರ್ ಯಂತ್ರಗಳನ್ನು ನಡೆಸುವ ರಿಪ್ ತಂತ್ರಾಂಶಗಳು, ಮೇನ್‌ಟಾಪ್‌ನಂಥವು, ವಿಂಡೋಸ್‌ಗೇ ಮೀಸಲು. ಡಾಂಗಲ್ ಎಂಬ ಯುಎಸ್‌ಬಿ ಕೀಲಿ ಚುಚ್ಚಿದರೆ ಮಾತ್ರ ಓಡುತ್ತವೆ. ಮದುವೆ ವಿಡಿಯೊ ಜೋಡಿಸಲು ರಾಜ್ಯದ ಸ್ಟುಡಿಯೊಗಳಲ್ಲಿ ಜನಪ್ರಿಯವಾದ ಎಡಿಯಸ್ ಕೂಡ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಒಂದೇ ಯಂತ್ರದಲ್ಲಿ ವಿಡಿಯೊ, ಆಲ್ಬಂ, ನುಡಿ ಮೂರೂ ನಡೆಯಬೇಕಾದಾಗ ಮ್ಯಾಕ್ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಅಸೆಂಬಲ್ ಮಾಡಿಸಿದ ಪಿಸಿಯ ರ‍್ಯಾಮ್, ಹಾರ್ಡ್‌ಡಿಸ್ಕ್, ಎಸ್‌ಎಂಪಿಎಸ್ ಯಾವುದು ಕೆಟ್ಟರೂ ಊರಿನಲ್ಲೇ ಬಿಡಿಭಾಗ ಸಿಗುತ್ತದೆ.

ಡಿಸ್ಕಿನ ವಿನ್ಯಾಸವೂ ಒಂದು ತಡೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮ್ಯಾಕ್‌ನ ಡಿಸ್ಕನ್ನು ವಿಂಡೋಸ್ ಓದುವುದೂ ಇಲ್ಲ. ಹಳೆಯ ಫ್ಯಾಟ್32 ಪೆನ್‌ಡ್ರೈವ್ ಎರಡರಲ್ಲೂ ನಡೆದರೂ 4 ಜಿಬಿ ಮೀರಿದ ಕಡತ ಹಿಡಿಯದು. ಎರಡಕ್ಕೂ ಒಪ್ಪುವುದು ಎಕ್ಸ್‌ಫ್ಯಾಟ್.

ಪಿಎಸ್‌ಡಿ ಕಡತವನ್ನು ಗಿಂಪ್, ಕ್ರಿಟಾ, ಅಫಿನಿಟಿಗಳು ತೆರೆಯುತ್ತವೆ. ಚಿತ್ರದ ಪದರಗಳು ಬಹುಮಟ್ಟಿಗೆ ಸರಿಯಾಗಿ ಬರುತ್ತವೆ. ಸ್ಮಾರ್ಟ್ ಆಬ್ಜೆಕ್ಟ್, ನೆರಳು-ಹೊಳಪಿನ ಪರಿಣಾಮ, ಅಕ್ಷರದ ಪದರ ಇವುಗಳಲ್ಲಿ ಏರುಪೇರಾಗುತ್ತದೆ. ಆಲ್ಬಂ ಹಾಳೆಗಳೆಲ್ಲ ಪಿಎಸ್‌ಡಿಯಲ್ಲೇ ಇರುವುದರಿಂದ ಫೋಟೋಶಾಪ್ ಬಿಡಲು ಮನಸ್ಸಿದ್ದವರಿಗೂ ಹಳೆಯ ಸಂಗ್ರಹ ಬಿಡಲಾಗುವುದಿಲ್ಲ.

ಲಿನಕ್ಸ್ ಬಳಕೆ ಮತ್ತು ಕಾಸರಗೋಡಿನ ಭಿನ್ನ ದಾರಿ

ಲಿನಕ್ಸ್‌ನಲ್ಲಿ ಇಂದು ಚಿತ್ರ ತಿದ್ದಲು ಗಿಂಪ್, ಕ್ಯಾಮೆರಾದ ರಾ ಕಡತಗಳಿಗೆ ಡಾರ್ಕ್‌ಟೇಬಲ್ ಮತ್ತು ರಾಥೆರಪಿ, ಚಿತ್ರ ಬಿಡಿಸಲು ಕ್ರಿಟಾ ಇವೆ. 2009ರಲ್ಲಿ ಹುಟ್ಟಿದ ಡಾರ್ಕ್‌ಟೇಬಲ್ 2017ರ ಕೊನೆಯಲ್ಲಿ ವಿಂಡೋಸ್‌ಗೂ ಬಂತು. ಹಕ್ಕಿ, ಕಾಡು, ಜೋಗದಂಥ ಜಲಪಾತಗಳ ಚಿತ್ರ ತೆಗೆಯುವ ಹವ್ಯಾಸಿಗಳಿಗೆ ಅಕ್ಷರದ ಹಂಗಿಲ್ಲದ್ದರಿಂದ ಇವು ಸಾಕಾಗುತ್ತವೆ. ವ್ಯಾಪಾರದ ಅಂಗಡಿಗಳಲ್ಲಿ ಮಾತ್ರ ಲಿನಕ್ಸ್ ಅಪರೂಪ. ಗಿಂಪ್ 3.0ರಲ್ಲೂ ಸಿಎಂವೈಕೆ ಕಡತವನ್ನು ನೇರವಾಗಿ ತಿದ್ದಲಾಗುವುದಿಲ್ಲ, ಮುದ್ರಣದಲ್ಲಿ ಹೇಗೆ ಬರುತ್ತದೆಂದು ಪರದೆಯಲ್ಲಿ ನೋಡಿ ರಫ್ತು ಮಾಡಬಹುದಷ್ಟೆ.

ಇದೇ ಕನ್ನಡದ ಇನ್ನೊಂದು ನೆಲದಲ್ಲಿ ಬೇರೆ ರೀತಿ ನಡೆದಿದೆ. ಕೇರಳದ ಶಾಲೆಗಳ ಐಸಿಟಿ ಪಾಠ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ, ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಅಲ್ಲಿನ ಶಾಲಾ ಕಂಪ್ಯೂಟರ್‌ಗಳಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಿಂಪ್, ಇಂಕ್‌ಸ್ಕೇಪ್‌ಗಳನ್ನು ಕನ್ನಡದಲ್ಲೇ ಮುದ್ರಿತವಾದ ಐಸಿಟಿ ಪಠ್ಯಪುಸ್ತಕದಿಂದ ಕಲಿಯುತ್ತಾರೆ. ಶಿವಮೊಗ್ಗದ ಹುಡುಗ ಫೋಟೋಶಾಪ್ ಕಲಿಯುವುದು ಬಹುಪಾಲು ಕಂಪ್ಯೂಟರ್ ತರಬೇತಿ ಕೇಂದ್ರದ ಡಿಟಿಪಿ ಕೋರ್ಸಿನಲ್ಲಿ, ಇಲ್ಲವೇ ಸ್ಟುಡಿಯೊದಲ್ಲಿ ಕೈಕೆಳಗೆ ಕೆಲಸಕ್ಕೆ ಸೇರಿ. ಅಲ್ಲಿ ಯಾವ ತಂತ್ರಾಂಶವಿದೆಯೋ ಅದೇ ಅವನ ಕೈಗೆ ಹತ್ತುತ್ತದೆ.

ಪರವಾನಗಿ ಮತ್ತು ಚಂದಾ

ಫೋಟೋಶಾಪ್ 7.0ರವರೆಗೆ ಕ್ರಮಸಂಖ್ಯೆ ಹಾಕಿದರೆ ಸಾಕಿತ್ತು, ಆದ್ದರಿಂದ ಪರವಾನಗಿಯಿಲ್ಲದ ಪ್ರತಿಗಳು ದೇಶದೆಲ್ಲೆಡೆ ಸುಲಭವಾಗಿ ಹರಡಿದವು. 2003ರ ಸಿಎಸ್ ಆವೃತ್ತಿಯಲ್ಲಿ ಅಡೋಬಿ ಸಕ್ರಿಯಗೊಳಿಸುವ ಕಟ್ಟಳೆಯನ್ನು ಮೊದಲು ವಿಂಡೋಸ್‌ಗೆ ತಂದಿತು. 2013ರಲ್ಲಿ ಹೊಸ ಆವೃತ್ತಿಗಳ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ಹೊರಳಿತು. ಒಂದು ಚಂದಾದಲ್ಲಿ ಮ್ಯಾಕ್, ವಿಂಡೋಸ್ ಎರಡರಲ್ಲೂ ಬಳಸಬಹುದಾದ್ದರಿಂದ ವೇದಿಕೆ ಬದಲಿಸುವ ಖರ್ಚು ತಗ್ಗಿತು. ಆದರೆ ಮದುವೆಯ ಹಂಗಾಮು ಮುಗಿದು ಆಷಾಢದಲ್ಲಿ ಕೆಲಸವಿಲ್ಲದಾಗಲೂ ಚಂದಾ ಕಟ್ಟಬೇಕು ಎಂಬುದು ಸಣ್ಣ ಅಂಗಡಿಗಳಿಗೆ ಒಗ್ಗದ ಲೆಕ್ಕ. ಹೊಸ ಆವೃತ್ತಿಗಳು ಹಳೆಯ ವಿಂಡೋಸನ್ನೂ ಬಿಡುತ್ತಾ ಬಂದವು. 2020ರ ಅಕ್ಟೋಬರ್‌ನ ಆವೃತ್ತಿಗೆ ವಿಂಡೋಸ್ 10 ಇರಲೇಬೇಕಾಯಿತು.

ಮೊಬೈಲ್ ಮತ್ತು ಬ್ರೌಸರ್

ವಿಂಡೋಸ್-ಮ್ಯಾಕ್ ಪೈಪೋಟಿಯ ಬಿಸಿಯನ್ನು ತಗ್ಗಿಸಿದ್ದು ಮೊಬೈಲ್. 2011ರಲ್ಲಿ ಐಪ್ಯಾಡ್‌ಗೆ ಬಂದ ಸ್ನ್ಯಾಪ್‌ಸೀಡ್ ಮರುವರ್ಷ ಗೂಗಲ್ ಕೈಸೇರಿ ಆಂಡ್ರಾಯ್ಡ್‌ಗೂ ಬಂತು. ಪಿಕ್ಸ್‌ಆರ್ಟ್, ಪಿಕ್ಸೆಲ್‌ಲ್ಯಾಬ್‌ಗಳಲ್ಲಿ ವಾಟ್ಸ್‌ಆ್ಯಪ್‌ಗೆ ಬೇಕಾದ ಶುಭಾಶಯ ಪತ್ರವನ್ನು ಯಾರು ಬೇಕಾದರೂ ಮಾಡಿಕೊಳ್ಳುತ್ತಾರೆ. ಆಂಡ್ರಾಯ್ಡ್‌ನಲ್ಲಿ ಯೂನಿಕೋಡ್ ಕನ್ನಡ ಫೋನಿನಲ್ಲೇ ಇರುವುದರಿಂದ ಇಲ್ಲಿ ನುಡಿಯ ಅಗತ್ಯ ಬೀಳುವುದಿಲ್ಲ.

ಬ್ರೌಸರ್‌ನಲ್ಲಿ ನಡೆಯುವ ತಂತ್ರಾಂಶಗಳಿಗೆ ಯಾವ ಕಾರ್ಯಾಚರಣ ವ್ಯವಸ್ಥೆಯಾದರೂ ಒಂದೇ. ಇವಾನ್ ಕುಟ್ಸ್‌ಕಿರ್ 2013ರಲ್ಲಿ ಆರಂಭಿಸಿದ ಫೋಟೋಪಿಯಾ ಪಿಎಸ್‌ಡಿಯನ್ನು ಬ್ರೌಸರ್‌ನಲ್ಲೇ ತೆರೆಯುತ್ತದೆ. ಆಸ್ಟ್ರೇಲಿಯಾದ ಕ್ಯಾನ್ವಾದಲ್ಲಿ ಕನ್ನಡ ಫಾಂಟುಗಳಿವೆ. ಅದೇ ಕ್ಯಾನ್ವಾ 2024ರಲ್ಲಿ ಸೆರಿಫ್ ಸಂಸ್ಥೆಯನ್ನು ಕೊಂಡು, 2025ರ ಅಕ್ಟೋಬರ್‌ನಲ್ಲಿ ಹೊಸ ಅಫಿನಿಟಿಯನ್ನು ಉಚಿತವಾಗಿ ಬಿಟ್ಟಿತು. ಫೋಟೋಶಾಪ್ ಐಪ್ಯಾಡ್‌ಗೆ 2019ರಲ್ಲಿ, ಬ್ರೌಸರ್‌ಗೆ ಪೂರ್ಣರೂಪದಲ್ಲಿ 2023ರಲ್ಲಿ, ಐಫೋನ್‌ಗೆ 2025ರಲ್ಲಿ ಬಂತು.

ಕೃತಕ ಬುದ್ಧಿಮತ್ತೆಯ ಸೌಲಭ್ಯಗಳು ಸ್ಟುಡಿಯೊ ಕೆಲಸವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಹಳೆಯ ಚಿತ್ರಗಳ ವಿಷಯದಲ್ಲಿ. ತೀರಿಹೋದವರ ಒಂಟಿ ಫೋಟೋ ಇಲ್ಲದೆ, ಯಾವುದೋ ಮದುವೆಯ ಗುಂಪುಚಿತ್ರದಿಂದ ಮುಖ ಬೇರ್ಪಡಿಸಿ, ಮರೆಯಾದ ಭುಜ ತುಂಬಿಸಿ, ಹಾರ ಹಾಕಲು ತಕ್ಕಂತೆ ದೊಡ್ಡದು ಮಾಡಿಕೊಡಿ ಎಂದು ಜನ ಬರುತ್ತಾರೆ. ಮೊದಲು ಇದು ಬ್ರಷ್ ಹಿಡಿದು ತಾಸುಗಟ್ಟಲೆ ಕೂರುವ ಕೆಲಸವಾಗಿತ್ತು. 2023ರಿಂದ ಫೋಟೋಶಾಪ್‌ನಲ್ಲಿರುವ ಜನರೇಟಿವ್ ಫಿಲ್ ಅದನ್ನು ನಿಮಿಷಗಳಿಗೆ ಇಳಿಸಿದೆ. ಲೆಕ್ಕಾಚಾರ ನಡೆಯುವುದು ಕಂಪನಿಯ ಸರ್ವರ್‌ನಲ್ಲಿ, ಹೀಗಾಗಿ ಯಂತ್ರದ ಶಕ್ತಿಗಿಂತ ಇಂಟರ್ನೆಟ್ ಮುಖ್ಯವಾಗಿದೆ. ಅಕ್ಷರದ ವಿಷಯಕ್ಕೆ ಬಂದರೆ ಚಿತ್ರ ಸೃಷ್ಟಿಸುವ ಹಲವು ಉಪಕರಣಗಳು ಕನ್ನಡದ ಒತ್ತು, ಗುಣಿತಗಳನ್ನು ಇನ್ನೂ ತಪ್ಪಾಗಿ ಬಿಡಿಸುತ್ತವೆ. ಹೆಸರನ್ನು ಆಮೇಲೆ ಬೇರೆಯಾಗಿ ಬೆರಳಚ್ಚಿಸಬೇಕು.

ಉಳಿದಿರುವ ತೊಡಕು

ಇಂದು ಹೊಸದಾಗಿ ಕೆಲಸ ಆರಂಭಿಸುವವರಿಗೆ ಮೂರೂ ವೇದಿಕೆಗಳಲ್ಲಿ ಕನ್ನಡ ಸಹಿತ ಚಿತ್ರ ತಿದ್ದುವ ದಾರಿಯಿದೆ. ವಿಂಡೋಸ್, ಮ್ಯಾಕ್‌ಗಳಲ್ಲಿ ಹೊಸ ಫೋಟೋಶಾಪ್ ಯೂನಿಕೋಡನ್ನು ಒಂದೇ ರೀತಿ ಮೂಡಿಸುತ್ತದೆ, ಲಿನಕ್ಸ್‌ನಲ್ಲಿ ಗಿಂಪ್ ಇದೆ. ಕನ್ನಡ ಕೀಲಿಮಣೆ ಮೂರರಲ್ಲೂ ಅಂತರ್ಗತ. ವಿಂಡೋಸ್ 10ಕ್ಕೆ 2019ರಲ್ಲಿ ಉಚ್ಚಾರ ಆಧಾರಿತ ಕನ್ನಡ ಕೀಲಿಮಣೆಯೂ ಸೇರಿತು.

ತೊಡಕಿರುವುದು ಹಳೆಯ ಸಂಗ್ರಹದಲ್ಲಿ. ಸುಮಾರು ಕಾಲು ಶತಮಾನದ ಲಗ್ನಪತ್ರಿಕೆ, ಬ್ಯಾನರ್, ಸ್ಮರಣ ಸಂಚಿಕೆ, ಸಂಘ-ಸಂಸ್ಥೆಗಳ ಚಿತ್ರಗಳು ಅಂಗಡಿಗಳ ಹಾರ್ಡ್‌ಡಿಸ್ಕ್‌ಗಳಲ್ಲಿವೆ. ಅವುಗಳ ಚಿತ್ರದ ಪದರ ಎಲ್ಲಿ ಬೇಕಾದರೂ ತೆರೆಯುತ್ತದೆ. ಕನ್ನಡದ ಪದರ ತೆರೆಯಲು ಅದನ್ನು ಬರೆದ ಕಾಲದ ಫಾಂಟೇ ಬೇಕು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಾದಾ ಪಠ್ಯಕ್ಕೆ ಕೆಲಸ ಮಾಡುತ್ತವೆ, ಪಿಎಸ್‌ಡಿಯೊಳಗಿನ ಪದರಗಳನ್ನು ಒಂದೊಂದಾಗಿ ನಕಲು ಮಾಡಿ ಬದಲಿಸಿ ಮತ್ತೆ ಅಂಟಿಸಬೇಕು. ಅಷ್ಟು ಮಾಡುವ ಪುರುಸೊತ್ತು ಯಾವ ಅಂಗಡಿಗೂ ಇರುವುದಿಲ್ಲ. ಆದ್ದರಿಂದ ಹೊಸ ಯಂತ್ರ ಕೊಂಡವರೂ ನುಡಿ, ಪೇಜ್‌ಮೇಕರ್, ಹಳೆ ಫೋಟೋಶಾಪ್ ಇರುವ ಒಂದು ವಿಂಡೋಸ್ ಪಿಸಿಯನ್ನು ಮೂಲೆಯಲ್ಲಿ ಉಳಿಸಿಕೊಳ್ಳುವುದು ವಾಡಿಕೆ. ಹೋದ ವರ್ಷದ ಜಾತ್ರೆಯ ಬ್ಯಾನರಿನಲ್ಲಿ ಇಸವಿ ಮಾತ್ರ ಬದಲಿಸಿಕೊಡಿ ಎಂದು ಬರುವ ಗಿರಾಕಿಯ ಕೆಲಸ ಈಗಲೂ ಆ ಯಂತ್ರದಲ್ಲೇ ಆಗುತ್ತದೆ.